ಬಾಗಿಲಲ್ಲಿ ನಿಂತ ಚೆಲುವಿ

ಸಿನಿಮಾದ ರೀಲು ಹಳತಾಗಿ ಕೊಳೆತಾಗ ಒಳಗಿನವರು ಪರದೆಯಿಂದ ಇಳಿದು ಬರುತ್ತಾರಲ್ಲ, ಹಾಗೆ ನಮ್ಮೂರ ಟಾಕೀಸಿನಿಂದ ನನ್ನ ಮನೆಗೆ ಬಂದವಳು ಚೆಲುವಿ. ದೆವ್ವದ ಸಿನಿಮಾದವಳು. ಮಂತ್ರವಾದಿ ಚಪ್ಪಾಳೆ ತಟ್ಟಿದರೆ ಏಳಬೇಕು, ಬೆರಳು ತೋರಿಸಿದವನ ಕತ್ತು ಹಿಸುಕಬೇಕು. ಮೂರು ಗಂಟೆಯ ಸಿನಿಮಾದಲ್ಲಿ ಅವಳಿಗೆ ಒಂದೂ ಮಾತಿಲ್ಲ. ಹೆಸರೂ ಇರಲಿಲ್ಲ, ನಾನೇ ಇಟ್ಟೆ. ಕಥೆ ಬರೆದ ಆ ಮಹಾರಾಯನಿಗೆ ಅವಳ ಕೈ ಸಾಕಾಗಿತ್ತು.

ಹಾಗೆ ಇಳಿದು ಬಂದವರಲ್ಲಿ ತಾವಾಗಿ ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಪಂಚಾಯ್ತಿಯವರು ಇಲ್ಲಿರಲು ಚೀಟಿ ಕೊಡುತ್ತಾರೆ. ಸೋಮವಾರ ಪಂಚಾಯ್ತಿಯ ಗುಮಾಸ್ತ ಬಂದಾಗ ಚೆಲುವಿ ರೊಟ್ಟಿ ತಟ್ಟುತ್ತಿದ್ದಳು.

"ಇಲ್ಲೇ ಇರ್ತೀಯೋ, ವಾಪಸ್ ಪರದೆಗೆ ಹೋಗ್ತೀಯೋ? ನೀನೇ ಹೇಳ್ಬೇಕಮ್ಮ."

ಅವಳು ನನ್ನ ಮುಖ ನೋಡಿದಳು. 'ಇರ್ತೀನಿ' ಅನ್ನುವ ಒಂದೇ ಮಾತನ್ನು ಎಂಟು ತಿಂಗಳು ಕಲಿಸಿದ್ದೆ.

"ನನ್ನ ಮುಖ ಏನೇ ನೋಡ್ತೀಯ? ಹೇಳೇ!"

ತುಟಿ ಅಲುಗಿತು, ದನಿ ಬರಲಿಲ್ಲ.

"ಗೊಂಬೆ ಸಾಕಿದ್ದೀರಿ ಬಿಡಿ, ಪುಟ್ಟಲಿಂಗಮ್ಮ," ಗುಮಾಸ್ತ ನಕ್ಕ.

ನನಗೆ ರೇಗಿಹೋಯಿತು. ಹೆತ್ತ ಮಗಳಿಗೆ ದಿನಕ್ಕೆ ಹತ್ತು ಸಲ ಬೈಯುವ ಹಾಗೆ ಬೈದೆ: "ಎದ್ದು ಹಾಳಾಗಿ ಹೋಗೇ ಅತ್ಲಾಗೆ!"

ಮಗಳಾಗಿದ್ದರೆ "ನೀನೇ ಹೋಗು" ಅನ್ನುತ್ತಿದ್ದಳು. ಚೆಲುವಿ ಕೈಯ ಹಿಟ್ಟು ತೊಳೆದು, ಸೆರಗು ಸರಿಮಾಡಿಕೊಂಡು, ಟಾಕೀಸಿನ ಕಡೆ ಹೊರಟಳು.

"ಬ್ಯಾಡ ಕಣವ್ವ, ನಿಂತ್ಕೊ!" ಎಂದು ಕೂಗಿದೆ.

ಬಾಗಿಲಲ್ಲೇ ನಿಂತಳು. ಮಂತ್ರವಾದಿಯ ಮುಂದೆಯೂ ಹೀಗೇ ನಿಲ್ಲುತ್ತಿದ್ದಳು. ಗುಮಾಸ್ತ 'ವಾಪಸ್' ಎಂದು ಬರೆದುಕೊಂಡ.