ಒಂದೇ ಮನೆಯ ಎರಡು ಓಟು

ಧನ್ವಿ ಮತ್ತೆ ದೊಡ್ಡವ್ವನ ತೊಡೆಯ ಮೇಲೇ ಕೂತಿದ್ದಳು. ರಮ್ಯ ಅನ್ನದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಬಾರೇ, ನಾನು ತಿನ್ನಿಸ್ತೀನಿ."

"ದೊಡ್ಡವ್ವನೇ ತಿನ್ನುಸ್ಲಿ," ಎಂದಿತು ಮಗು, ತಲೆಯನ್ನೂ ಎತ್ತದೆ.

ರಮ್ಯಳಿಗೆ ಹೊಟ್ಟೆ ಉರಿಯಿತು. ಹೆತ್ತವಳು ತಾನು. ಬಾಣಂತನದಲ್ಲಿ ಕಾಮಾಲೆಯಾಗಿ ಮಲಗಿದಾಗ ವಾರಗಿತ್ತಿ ಸೌಂದರ್ಯ ಎತ್ತಿಕೊಂಡ ಮಗು, ನಾಲ್ಕು ವರ್ಷವಾದರೂ ಅವಳ ಸೊಂಟದಿಂದ ಇಳಿದಿಲ್ಲ. ಇಬ್ಬರು ಗಂಡುಮಕ್ಕಳನ್ನು ಹೆತ್ತು ಹಾಸ್ಟೆಲಿಗೆ ಕಳಿಸಿದವಳಿಗೆ ಹೆಣ್ಣಿನ ಆಸೆ ತೀರಿಸಿಕೊಳ್ಳಲು ತನ್ನ ಮಗಳೇ ಬೇಕಿತ್ತೆ? ಮಗು ಮಲಗುವುದೂ ಅವಳ ಪಕ್ಕದಲ್ಲೇ.

ಊರಿಗೆ ಮಾತ್ರ ಈ ಇಬ್ಬರ ನಡುವೆ ಕಾಣುತ್ತಿದ್ದುದು ಕುರ್ಚಿ. ಸರಗೂರಿನಾಚೆಯ ಆ ಗ್ರಾಮ ಪಂಚಾಯಿತಿಗೆ ಹದಿಮೂರು ಸದಸ್ಯರು. ಚುನಾವಣೆ ಮುಗಿದಾಗ ಒಂದು ಬಣಕ್ಕೆ ಆರು, ಇನ್ನೊಂದಕ್ಕೂ ಆರು. ಬಹುಮತ ಯಾರಿಗೂ ಇಲ್ಲ. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲು; ವಾರಗಿತ್ತಿಯರಿಬ್ಬರೂ ಗೆದ್ದ ಸದಸ್ಯೆಯರೇ. ಅಣ್ಣ ಮಹೇಂದ್ರನ ಬಣ ಅವನ ಹೆಂಡತಿ ಸೌಂದರ್ಯಳನ್ನು ನಿಲ್ಲಿಸಿತು. ತಮ್ಮ ರಘುವಿನ ಬಣ ಅವನ ಹೆಂಡತಿ ರಮ್ಯಳನ್ನು ನಿಲ್ಲಿಸಿತು. ಆರಾಮಾಗಿದ್ದವರು ಅತ್ತೆ ಒಬ್ಬರೇ. "ಯಾರ್ ಗೆದ್ರೂ ಕುರ್ಚಿ ನಮ್ ಮನೆಗೇ ಬತ್ತದೆ, ಬುಡಿ."

ಯಾವ ಬಣಕ್ಕೂ ಸೇರದೆ ಉಳಿದವನು ಸಣ್ಣಬೀರಯ್ಯ. ಸೌಂದರ್ಯಳ ತವರಿನ ಕಡೆಯವನು, ಅವಳನ್ನು ತಂಗಿ ಎಂದೇ ಕರೆಯುವವನು. ಅಂಥವನು ಒಂದು ಬೆಳಿಗ್ಗೆ ತಾನಾಗಿ ರಘುವಿನ ಬಳಿ ಬಂದು, "ನನ್ ಓಟು ರಮ್ಯಮ್ಮಂಗೆ," ಎಂದ.

"ಏಳಾಯ್ತು! ಗೆದ್ದೆ ಕಣೇ!" ರಘು ಕುಣಿದಾಡಿದ.

ಸೌಂದರ್ಯಳ ಮುಖದಲ್ಲಿ ಬೇಸರವೇ ಇರಲಿಲ್ಲ. ಅವಳ ಬಣದವರು ಕಾಕನಕೋಟೆ ಹತ್ತಿರದ ರೆಸಾರ್ಟಿಗೆ ಹೊರಡಿ ಎಂದರೆ, "ಮಗೀನ ಬುಟ್ಟು ನಾನೆಲ್ಲೂ ಬರಕಿಲ್ಲ," ಎಂದುಬಿಟ್ಟಳು.

ಯಾರ ಮಗು? ರಮ್ಯ ಹಲ್ಲು ಕಚ್ಚಿದಳು.

ಆಗಲೇ ಅವಳಿಗೆ ಹೊಳೆದದ್ದು. ಅಧ್ಯಕ್ಷೆಯಾದವಳು ಮನೆಯಲ್ಲಿರುವುದುಂಟೇ? ಇವತ್ತು ತಾಲ್ಲೂಕು ಸಭೆ, ನಾಳೆ ಮೈಸೂರಿನಲ್ಲಿ ತರಬೇತಿ, ಬೆಳಗಾದರೆ ಬಾಗಿಲಲ್ಲಿ ಜನ. ಎರಡೂವರೆ ವರ್ಷ ಇದೇ ಪಾಡು. ಅಷ್ಟರಲ್ಲಿ ಮಗು ತನ್ನ ತಾಯಿ ಯಾರೆಂದು ಕಲಿತುಕೊಳ್ಳುತ್ತದೆ. ಕುರ್ಚಿ ಸೌಂದರ್ಯಕ್ಕನಿಗೇ ಹೋಗಲಿ. ಹೇಗೂ ಗುಟ್ಟಿನ ಮತದಾನ. ತನ್ನದೊಂದು ಓಟು ಆಚೆ ಬಿದ್ದರೆ ಏಳು ಅವಳದಾಗುತ್ತದೆ. ರಘುವಿಗೆ ತಿಳಿದರೆ ಸುಮ್ಮನಿರುವ ಪೈಕಿಯಲ್ಲ. ಅವಳು ಬಾಯಿ ಬಿಡಲಿಲ್ಲ.

ಅಧ್ಯಕ್ಷರ ಚುನಾವಣೆಯ ದಿನ ಮಗುವನ್ನು ಅತ್ತೆಯ ಬಳಿ ಬಿಟ್ಟು ವಾರಗಿತ್ತಿಯರಿಬ್ಬರೂ ಒಂದೇ ಆಟೋದಲ್ಲಿ ಪಂಚಾಯಿತಿ ಕಚೇರಿಗೆ ಬಂದರು. ರಮ್ಯ ಮರೆಯಲ್ಲಿ ನಿಂತು ಸೌಂದರ್ಯಳ ಹೆಸರಿನ ಮುಂದೆ ಗುರುತು ಹಾಕಿ, ಚೀಟಿ ಮಡಚಿ ಡಬ್ಬಿಗೆ ಬಿಟ್ಟಳು. ಎಷ್ಟೋ ದಿನದ ಮೇಲೆ ಅಕ್ಕನನ್ನು ನೋಡಿ ಮನಸಾರೆ ನಕ್ಕಳು. ಸೌಂದರ್ಯಳೂ ನಕ್ಕಳು.

ಅಧಿಕಾರಿ ಎಣಿಸಿ ಎದ್ದು ನಿಂತರು. "ಸೌಂದರ್ಯ, ಆರು. ರಮ್ಯ, ಏಳು."

ಹೊರಗೆ ಪಟಾಕಿ ಸಿಡಿಯಿತು. ಯಾರಿಗೂ ಆಶ್ಚರ್ಯವಾಗಲಿಲ್ಲ, ಊರೇ ಹಾಕಿಟ್ಟಿದ್ದ ಲೆಕ್ಕ ಅದು. ರಘು ಓಡಿಬಂದು ಹೆಂಡತಿಗೆ ಹಾರ ಹಾಕಿದ. ರಮ್ಯ ಮಾತ್ರ ಬೆರಳು ಮಡಚಿ ಮತ್ತೆ ಎಣಿಸಿದಳು. ತಾನು ಆಚೆ ಹಾಕಿದ ಮೇಲೂ ಏಳು ಹೇಗೆ ಬಂತು? ಆ ಕಡೆಯವರಲ್ಲಿ ಈಚೆ ಹಾಕಿದವರು ಯಾರು?

ಸೌಂದರ್ಯ ಹತ್ತಿರ ಬಂದು ಅವಳ ಕೊರಳಿನ ಹಾರ ಸರಿಮಾಡಿದಳು. ಹಾಗೇ ಕಿವಿಯ ಬಳಿ ಬಗ್ಗಿದಳು.

"ಇನ್ನೆರಡೂವರೆ ವರ್ಸ ಮಗಳ ಚಿಂತೆ ನಿಂಗೆ ಬ್ಯಾಡ ಕಣೇ. ಅದುಕ್ಕೇ ಸಣ್ಣಬೀರಯ್ಯನ್ನ ನಿಮ್ ಕಡೆ ಕಳ್ಸಿ, ನನ್ ಓಟೂ ನಿಂಗೇ ಆಕಿದ್ದು."