ಎಡಕ್ಕೆ ತಿರುಗಿದ ಮದುಮಗ

ಮದುವೆಯ ಹಿಂದಿನ ದಿನ ಬೆಳಿಗ್ಗೆ ಎದ್ದು ನೋಡಿದರೆ ಕೆಂಪರಾಜುವಿನ ಕತ್ತು ಉಳುಕಿತ್ತು. ಬಲಗಿವಿಯ ಹಿಂದಿನಿಂದ ಎದೆಯ ಮೇಲ್ಭಾಗಕ್ಕೆ ಇಳಿಯುವ ಸ್ನಾಯು ಹಗ್ಗದಂತೆ ಬಿಗಿದು, ಮುಖ ಎಡಕ್ಕೇ ತಿರುಗಿ ನಿಂತುಬಿಟ್ಟಿತ್ತು. ಹೀಗೇ ಇದ್ದರೆ ನಾಳೆ ವಾಲಗದವರ ಮುಖ ನೋಡುತ್ತ ಹೆಣ್ಣಿಗೆ ತಾಳಿ ಕಟ್ಟಬೇಕಾಗುತ್ತಿತ್ತು.

"ಕಾಲು ಮುಂದಾಗಿ ಹುಟ್ಟಿದೋರು ಕತ್ತಿಗೆ ಮೂರು ಸಲ ಒದ್ರೆ ಸರಿಹೋಯ್ತದೆ," ಎಂದಳು ಸೋದರತ್ತೆ.

"ನಾನು ಹಂಗೇ ಹುಟ್ಟಿದ್ದು ಕಣ್ಲಾ," ಎಂದು ಚಿಕ್ಕಪ್ಪ ಪಂಚೆ ಎತ್ತಿಕಟ್ಟಿ ಒಂಬತ್ತು ಸಲ ಒದ್ದ. ನೋವು ಹೆಚ್ಚಾಯಿತೇ ಹೊರತು ಕತ್ತು ಕದಲಲಿಲ್ಲ.

ಕೆಂಪರಾಜು ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದ್ದ ಸೂಲಗಿತ್ತಿ ದ್ಯಾವಜ್ಜಿಯ ಮನೆಗೆ ಓಡಿದ. ಅವಳ ಮುಖ ಕಾಣಲೆಂದು ಅಡ್ಡಡ್ಡಲಾಗಿ ನಿಂತು ಎಲ್ಲವನ್ನೂ ಹೇಳಿದ.

"ನಿನ್ ಚಿಕ್ಕಪ್ಪ ಸುಳ್ಳ. ಅವನು ತಲೆ ಮುಂದಾಗೇ ಬಂದ," ಎಂದಳು ಅಜ್ಜಿ. "ಕಾಲು ಮುಂದಾಗಿ ಹುಟ್ಟಿರೋದು ಈ ಊರಿಗೆಲ್ಲ ಒಬ್ಬನೇ."

"ಯಾರು ಹೇಳಜ್ಜಿ! ಕಾಲಿಗೆ ಬಿದ್ದಾದ್ರೂ ಕರ್ಕೊಂಡು ಬತ್ತೀನಿ."

ಅಜ್ಜಿ ಅವನ ಪಾದಗಳನ್ನೇ ನೋಡಿದಳು.

"ನೀನೇ ಕಣ್ಮಗ. ಎಲ್ಲಿ, ಕತ್ತಿನ ತನಕ ಕಾಲೆತ್ತು ನೋಡಾನ."