ನೀಲವ್ವನ ಬಯಕೆ ಊಟ

ಬಸುರಿಯಾಗಿದ್ದಾಗ ತಾಯಿಗೆ ಸಿಗದ ಊಟವನ್ನು ಈಗ ಉಣಿಸಿದರೆ ಮಕ್ಕಳ ಸಕ್ಕರೆ ಕಾಯಿಲೆ ಇಳಿಯುತ್ತದೆ. ಹಾಗಾಗಿ ಆಸ್ಪತ್ರೆಯ ಮಂಗಳವಾರದ ಪಂಕ್ತಿಯಲ್ಲಿ ಮುದುಕಿಯರೇ ಹೆಚ್ಚು. ಎಪ್ಪತ್ತರ ನೀಲವ್ವನ ತಟ್ಟೆಗೆ ನರ್ಸ್ ಶೇಂಗಾ ಹೋಳಿಗೆ ಬಡಿಸಿದಳು. ಪಕ್ಕದಲ್ಲಿ ಮಗ ಶರಣಬಸವ ಬೆರಳಿಗೆ ಸಕ್ಕರೆ ಅಳೆಯುವ ಮೀಟರ್ ಸಿಕ್ಕಿಸಿಕೊಂಡು ಕೂತಿದ್ದ. ಅದು ಮುನ್ನೂರ ಹತ್ತು ತೋರಿಸುತ್ತಿತ್ತು.

ನೀಲವ್ವ ಹೋಳಿಗೆ ಮುರಿದು ಮಗನ ಬಾಯಿಗೇ ಹಿಡಿದಳು. "ಮೊದಲ ನೀ ತಿನ್ನು."

"ಯವ್ವಾ, ನಾ ತಿಂದರ ಏರತೈತಿ, ನೀ ತಿಂದರ ಇಳೀತೈತಿ!"

"ಮಗ ಉಪಾಸ ಕುಂತಾಗ ನನಗ ಗಂಟಲಾಗ ಹೆಂಗ ಇಳೀಬೇಕೋ?"

ನರ್ಸ್ ನಕ್ಕಳು. "ಅಜ್ಜಿ, ಇವರು ಇನ್ನೂ ನಿಮ್ಮ ಹೊಟ್ಟಿಯೊಳಗ ಅದಾರ ಅಂತ ತಿಳ್ಕೋರಿ."

ನೀಲವ್ವ ಧಡೂತಿ ಮಗನನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟು ದೊಡ್ಡಾವಗ ಒಂದು ಹೋಳಿಗಿ ಎಲ್ಲಿ ಸಾಲತೈತಿ? ಇನ್ನೆರಡು ಹಾಕವ್ವಾ, ತುಪ್ಪಾನೂ ತಾ."

ನೀಲವ್ವ ಮೂರನೆಯ ಹೋಳಿಗೆ ಮುಗಿಸುವಾಗ ಮಗನ ಮೀಟರ್ ನೂರ ನಲವತ್ತಕ್ಕೆ ಬಂದಿತ್ತು.